ಹನ್ನೊಂದನೇ ಪುಟದ ಚೆಕ್ಕುಬಂದಿ

ನಮ್ಮ ಕೋರ್ಟ್ ಹಾಲಿಗೆ ಹೊಸ ಜಡ್ಜ್ ಬಂದು ಆಗ ಎಂಟು ತಿಂಗಳಾಗಿತ್ತು. ನಾನು ಅವರ ಸ್ಟೆನೊ. ಅವರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಟೈಪ್ ಮಾಡಿ, ತಾಳೆ ನೋಡಿ, ಸಹಿಗೆ ಇಡುವುದು ನನ್ನ ಕೆಲಸ. ಅವರಿಗೆ ಮೂವತ್ತೊಂದು ವರ್ಷ, ನನಗೆ ಐವತ್ತಮೂರು. ಪರೀಕ್ಷೆ ಬರೆದು ನೇರವಾಗಿ ಸಿವಿಲ್ ಜಡ್ಜ್ ಆಗಿ ಬಂದವರು, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಎಲ್ಲರಂತೆ ನಾನೂ ಅವರನ್ನು ಮೇಡಂ ಎನ್ನುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಒಂದು ಶುಕ್ರವಾರ ಸಂಜೆ ಚೇಂಬರಿನಲ್ಲಿ ಸಹಿಗಳೆಲ್ಲ ಮುಗಿದ ಮೇಲೂ ಮೇಡಂ ಪೆನ್ನಿನ ಮುಚ್ಚಳ ಹಾಕದೆ ಕೂತಿದ್ದರು.

“ಬಸವನಗುಡಿಯ ಈವ್ನಿಂಗ್ ಲಾ ಕಾಲೇಜಲ್ಲಿ ಒಂದು ಲೆಕ್ಚರ್ ಕೊಡಿ ಅಂದಿದಾರೆ. ಪರ್ಮಿಷನ್ ಸಿಕ್ಕಿದೆ. ಇಂಗ್ಲಿಷ್ ಕಾನೂನಲ್ಲಿ ನ್ಯಾಯಾಧೀಶರು ಅಂತ. ಅವರ ಕೆಲಸ, ನೇಮಕ, ಸ್ವಾತಂತ್ರ್ಯ. ಕನ್ನಡದಲ್ಲೇ ಹೇಳ್ಬೇಕಂತೆ. ನಂಗೆ ಕೂತು ಬರ್ಯಕ್ಕೆ ಬರಲ್ಲ, ಬಾಯಲ್ಲಿ ಹೇಳಿದ್ರೇನೇ ಯೋಚ್ನೆ ಓಡೋದು. ಇದು ಆಫೀಸ್ ಕೆಲ್ಸ ಅಲ್ಲ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ.”

ಆಗಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಹಾಗೆ ಕೇಳಿದ ಜಡ್ಜ್ ಅದುವರೆಗೆ ಯಾರೂ ಇರಲಿಲ್ಲ.

ಮೂರು ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಹಳೆಯ ವಠಾರದ ಮೊದಲ ಮಹಡಿ. ಕೆಳಗೆ ಮಾರ್ಕೆಟ್ಟಿನಿಂದ ಬರುವ ಹೂವಿನ ಆಟೋಗಳ ಸದ್ದು. ಹಜಾರದಲ್ಲಿ ಬುದ್ಧನ ಒಂದು ಪಟ, ಅದರ ಕೆಳಗೆ ನೆಲದಿಂದ ಸೊಂಟದೆತ್ತರಕ್ಕೆ ಕಾನೂನು ಪುಸ್ತಕಗಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ನಾನು ನೋಟ್‌ಬುಕ್ ತೆರೆದ ಕೂಡಲೇ ಅಡುಗೆಮನೆಯ ಹೊಸ್ತಿಲಲ್ಲಿ ಸೊಪ್ಪು ಸೋಸುತ್ತ ಕೂತುಬಿಡುತ್ತಿದ್ದರು. ಮಗಳ ಮಾತು ಕೇಳುವುದು ಅವರಿಗೆ ಹಬ್ಬ.

ಮೇಡಂ ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಹೇಳುತ್ತಿದ್ದರು. ಮೊದಲು ನೇಮಕ. ಇಂಗ್ಲೆಂಡಿನಲ್ಲಿ ಬಹುಕಾಲ ಜಡ್ಜ್‌ಗಳನ್ನು ಆರಿಸುತ್ತಿದ್ದವನು ಲಾರ್ಡ್ ಚಾನ್ಸಲರ್ ಎಂಬ ಅಧಿಕಾರಿ. ಅವನೇ ಸಂಪುಟದ ಮಂತ್ರಿ, ಅವನೇ ಜಡ್ಜ್‌ಗಳ ಮುಖ್ಯಸ್ಥ, ಮೇಲ್ಮನೆಯ ಸಭಾಪತಿಯೂ ಅವನೇ. ಯಾರು ಯೋಗ್ಯರು ಎಂದು ಒಳಗೊಳಗೇ ವಿಚಾರಿಸಿ ಹೆಸರು ಆರಿಸುತ್ತಿದ್ದ.

“ಒಬ್ನೇ ಅಷ್ಟು ಕೆಲ್ಸ ಮಾಡ್ತಿದ್ನಾ? ಪಾಪ” ಎಂದರು ಹೊಸ್ತಿಲಿನಿಂದ ತಾಯಿ.

“ಪಾಪ ಅವನಲ್ಲಮ್ಮ, ಅವನ ಮುಂದೆ ನಿಂತೋರು” ಎಂದು ಮೇಡಂ ನಕ್ಕರು. ನಾನು ಅದನ್ನೂ ಬರೆದುಕೊಂಡುಬಿಟ್ಟೆ, ಆಮೇಲೆ ಹೊಡೆದುಹಾಕಿದೆ. ಈಗ ಅಲ್ಲಿ ಅದಕ್ಕೆಂದೇ ಒಂದು ಸ್ವತಂತ್ರ ಆಯೋಗವಿದೆ, ಹುದ್ದೆಗೆ ಜಾಹೀರಾತು ಕೊಡುತ್ತಾರೆ, ಅರ್ಜಿ ಕರೆಯುತ್ತಾರೆ, ಅರ್ಹತೆ ನೋಡಿ ಆರಿಸುತ್ತಾರೆ ಎಂದು ಮುಂದುವರಿಸಿದರು.

ಎರಡನೇ ಭಾನುವಾರ ಸ್ವಾತಂತ್ರ್ಯದ ಭಾಗ. ಅಲ್ಲಿ ಒಂದು ಪದಕ್ಕೆ ಅರ್ಧ ಗಂಟೆ ನಿಂತೆವು. ಹಿಂದೆ ಅಲ್ಲಿನ ಜಡ್ಜ್‌ಗಳು ಕುರ್ಚಿಯಲ್ಲಿರುತ್ತಿದ್ದದ್ದು ರಾಜ ಇರಗೊಟ್ಟಷ್ಟು ದಿನ ಮಾತ್ರ. ಕಾನೂನು ದೊರೆಗಿಂತ ಮೇಲೆ ಎಂದ ಒಬ್ಬ ಮುಖ್ಯ ನ್ಯಾಯಾಧೀಶನನ್ನೇ ಕಿತ್ತುಹಾಕಿದ ರಾಜನಿದ್ದ. ಮೂರು ಶತಮಾನದ ಹಿಂದೆ ಸಂಸತ್ತು ಅದನ್ನು ಬದಲಿಸಿತು. ಅಂದಿನಿಂದ ನಡತೆ ಸರಿಯಿರುವತನಕ ಜಡ್ಜ್‌ನನ್ನು ಅಲುಗಿಸುವಂತಿಲ್ಲ. ದೊಡ್ಡ ಕೋರ್ಟಿನ ಜಡ್ಜ್‌ನನ್ನು ತೆಗೆಯಬೇಕಾದರೆ ಎರಡೂ ಸದನ ಕೂಡಿ ಕೇಳಬೇಕು. ಹಾಗೆ ಇದುವರೆಗೆ ತೆಗೆದದ್ದು ಒಬ್ಬನನ್ನು, ಅವನೂ ಐರ್ಲೆಂಡಿನವನು.

“ರಾಜನ ಪ್ಲೆಷರ್ ಇರೋತನಕ ಅಂತಾರೆ ಇಂಗ್ಲಿಷಲ್ಲಿ. ಇಚ್ಛೆ ಅನ್ನೋದಾ? ಇಷ್ಟ ಅನ್ನೋದಾ? ಎರಡೂ ಮೆತ್ತಗಾಯ್ತು.”

“ಮರ್ಜಿ ಅನ್ನಿ ಮೇಡಂ” ಎಂದೆ.

ಅವರು ನಡೆಯುವುದನ್ನು ನಿಲ್ಲಿಸಿದರು. “ಮರ್ಜಿ. ಹ್ಞಾ. ಅದೇ ಬರ್ಕೊಳ್ಳಿ.”

ಒಂದು ಪದ ಕೊಟ್ಟಿದ್ದಕ್ಕೆ ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಹಿಗ್ಗುತ್ತಿದ್ದೆ.

ಕಾಲೇಜಿನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಹಗಲೆಲ್ಲ ಬೇರೆಬೇರೆ ಕಡೆ ದುಡಿದು ಸಂಜೆ ಓದಲು ಬರುವವರು. ಕೊನೆಯಲ್ಲಿ ಮೇಡಂ ಸ್ಕಾಟ್ಲೆಂಡಿನ ಒಂದು ಸಂಗತಿ ಹೇಳಿದರು. ಅಲ್ಲಿ ವರ್ಷಕ್ಕೊಮ್ಮೆ ಸರ್ಕಾರ ಮುಂದುವರಿಸಿದರೆ ಮಾತ್ರ ಇರುವ ತಾತ್ಕಾಲಿಕ ಜಡ್ಜ್‌ಗಳಿದ್ದರಂತೆ. ನಾಳೆಯ ಕೆಲಸ ಇನ್ನೊಬ್ಬರ ಕೈಯಲ್ಲಿರುವವರನ್ನು ಸ್ವತಂತ್ರರು ಎನ್ನಲಾಗದು ಎಂದು ಅಲ್ಲಿಯ ಕೋರ್ಟೇ ಹೇಳಿತಂತೆ, ಆಮೇಲೆ ಇಂಗ್ಲೆಂಡಿನವರೂ ತಮ್ಮ ಅರೆಕಾಲಿಕ ಜಡ್ಜ್‌ಗಳಿಗೆ ಕೆಲಸದ ಭದ್ರತೆ ಕೊಟ್ಟರಂತೆ. ಆಗ ಹಿಂದಿನ ಬೆಂಚಿನಿಂದ ನಲವತ್ತು ದಾಟಿದ ಒಬ್ಬ ವಿದ್ಯಾರ್ಥಿ ಎದ್ದ. ಕಲಾಸಿಪಾಳ್ಯದ ಲಾರಿ ಟ್ರಾನ್ಸ್‌ಪೋರ್ಟ್ ಒಂದರಲ್ಲಿ ಗುಮಾಸ್ತನೆಂದು ಹೇಳಿಕೊಂಡ.

“ಮೇಡಂ, ತಪ್ಪು ತಿಳ್ಕೋಬೇಡಿ. ತಾವೂ ಪ್ರೊಬೇಷನ್ನಲ್ಲಿದೀರಿ ಅಂತ ಕೇಳ್ದೆ. ಹಂಗಾದ್ರೆ ತಾವು ಸ್ವತಂತ್ರರಾ?”

ಸಭೆಯಲ್ಲಿ ಯಾರೋ ನಕ್ಕರು. ಪ್ರಿನ್ಸಿಪಾಲರು ಏಳಲು ಹೋದರು. ಮೇಡಂ ಕೈಸನ್ನೆಯಲ್ಲಿ ತಡೆದರು.

“ಒಳ್ಳೇ ಪ್ರಶ್ನೆ. ಧೈರ್ಯ ಇರೋ ಜಡ್ಜ್‌ಗೆ ಈ ರಕ್ಷಣೆ ಏನೂ ಬೇಕಿಲ್ಲ, ಅವರು ಹೆಂಗಿದ್ರೂ ಸರಿಯಾಗೇ ಬರೀತಾರೆ. ರಕ್ಷಣೆ ಬೇಕಾಗಿರೋದು ನನ್ನಂಥ ಪುಕ್ಕಲರಿಗೆ. ನಾನು ಪುಕ್ಕಲು ಅನ್ನೋದು ನಂಗೆ ಗೊತ್ತು. ಅದಕ್ಕೇ ಪ್ರತಿ ತೀರ್ಪೂ ಎರಡು ಸಲ ಓದ್ತೀನಿ, ಹೆದರ್ಕೊಂಡು ಬರ್ದಿದೀನಾ ಅಂತ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೇಳಿದ ಮನುಷ್ಯ ಕೈಮುಗಿದು ಕೂತ.

ಅದಾದ ತಿಂಗಳಿಗೆ ಗಲ್ಲಿಯ ದಾವೆ ತೀರ್ಪಿಗೆ ಬಂತು. ಮಲ್ಲೇಶ್ವರದ ಒಂದು ಸಾಲು ಮನೆಗಳ ಹಿಂದೆ ಹಳೆಯ ಕನ್ಸರ್ವೆನ್ಸಿ ಗಲ್ಲಿ ಇತ್ತು. ಐದು ಮನೆಯವರ ನೀರಿನ ಪೈಪು, ಚರಂಡಿ, ಓಡಾಟ ಎಲ್ಲ ಅದರಲ್ಲೇ. ಪಕ್ಕದ ಸೈಟು ಕೊಂಡವನು ಗಲ್ಲಿಯನ್ನೂ ಸೇರಿಸಿ ಗೋಡೆ ಎಬ್ಬಿಸಲು ಹೊರಟಿದ್ದ. ಕಟ್ಟಡದ ವ್ಯವಹಾರದವನು, ರಾಜಕೀಯದಲ್ಲೂ ಕೈಯಿದ್ದವನು. ಕೋರ್ಟಿಗೆ ಬಂದರೆ ಹತ್ತು ಜನರ ಜೊತೆ ಬರುತ್ತಿದ್ದ. ತೀರ್ಪಿಗೆ ವಾರ ಇರುವಾಗ ನಮ್ಮ ಕಚೇರಿಯ ಶಿರಸ್ತೇದಾರರು ಚೇಂಬರಿಗೆ ಬಂದು, “ಮೇಡಂ, ಆ ಗಲ್ಲಿ ಕೇಸ್ ಯಾವಾಗ ಅಂತ ಮೇಲಿಂದ ಯಾರೋ ವಿಚಾರಿಸ್ತಿದ್ರಂತೆ” ಎಂದರು.

“ದಿನಾಂಕ ಡೈರಿಯಲ್ಲಿದೆ. ಡೈರಿ ಹೊರಗಡೆ ಮೇಜಿನ ಮೇಲಿದೆ. ಯಾರು ಬೇಕಾದ್ರೂ ನೋಡ್ಬಹುದು” ಎಂದು ಮೇಡಂ ಫೈಲಿನಿಂದ ಕಣ್ಣೆತ್ತದೆ ಹೇಳಿದರು.

ಮೂರು ದಿನ ತೀರ್ಪು ಹೇಳಿ ಬರೆಸಿದರು. ಕೊನೆಗೆ ಬರುವುದು ಆಸ್ತಿಯ ಷೆಡ್ಯೂಲು. ಅಂದರೆ ಚೆಕ್ಕುಬಂದಿ, ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಅದನ್ನೂ ಅವರು ದಾಖಲೆ ನೋಡಿ ಪದಪದವಾಗಿ ಹೇಳಿದರು, ನಾನು ಬರೆದುಕೊಂಡೆ. ಆದರೆ ಟೈಪ್ ಮಾಡುವಾಗ, ಷೆಡ್ಯೂಲು ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು, ವರ್ಷದ ಹಿಂದಿನ ಮಧ್ಯಂತರ ಆದೇಶದಿಂದ ಎತ್ತಿ ಹನ್ನೊಂದನೇ ಪುಟಕ್ಕೆ ಅಂಟಿಸಿದೆ. ಆ ಹಳೆಯ ಷೆಡ್ಯೂಲಿನಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ವಕೀಲರು ಆಮೇಲೆ ಅರ್ಜಿ ಹಾಕಿ ಸರಿಪಡಿಸಿಕೊಂಡಿದ್ದರು. ಸರಿಪಡಿಸಿದ್ದು ನನ್ನ ತಲೆಗೆ ಬರಲಿಲ್ಲ, ಆ ಪುಟವನ್ನು ತಾಳೆ ನೋಡಲೂ ಇಲ್ಲ. ಸಂಜೆ ಮೇಡಂ ಎರಡು ಸಲ ಓದಿದ್ದು ತೀರ್ಪಿನ ಒಡಲನ್ನು. ಷೆಡ್ಯೂಲನ್ನು ನನ್ನ ಮೇಲೆ ಬಿಟ್ಟಿದ್ದರು.

ಮರುದಿನ ತೆರೆದ ನ್ಯಾಯಾಲಯದಲ್ಲಿ ಆದೇಶ ಓದಿದರು. ದಾವೆ ಡಿಕ್ರಿ ಆಗಿದೆ, ಪ್ರತಿವಾದಿ ಗಲ್ಲಿಯಲ್ಲಿ ಗೋಡೆ ಕಟ್ಟಬಾರದು. ಮನೆಯವರ ಪೈಕಿ ವಯಸ್ಸಾದ ಒಬ್ಬ ಹೆಂಗಸು ಕೂತಲ್ಲೇ ಅತ್ತರು. ಮೇಡಂ ಪ್ರತಿ ಪುಟಕ್ಕೂ ಸಹಿ ಹಾಕಿದರು. ನಾನು ಮಧ್ಯಾಹ್ನವೇ ತೀರ್ಪಿನ ಪ್ರತಿಯನ್ನು ಕೋರ್ಟಿನ ವೆಬ್‌ಸೈಟಿಗೆ ಏರಿಸಿದೆ.

ಸಂಜೆ ನಾಲ್ಕು ಮುಕ್ಕಾಲಿಗೆ ಕಡತ ಕಟ್ಟುವಾಗ ಹನ್ನೊಂದನೇ ಪುಟ ಕಣ್ಣಿಗೆ ಬಿತ್ತು. ಪೂರ್ವಕ್ಕೆ ಇರಬೇಕಾದ್ದು ಪಶ್ಚಿಮಕ್ಕಿತ್ತು. ಹಾಗೆ ಓದಿದರೆ ತೀರ್ಪು ಕಾಯುತ್ತಿದ್ದದ್ದು ಆ ಗಲ್ಲಿಯನ್ನಲ್ಲ, ಸೈಟಿನ ಇನ್ನೊಂದು ಬದಿಯನ್ನು. ಅಲ್ಲಿ ಗಲ್ಲಿಯೇ ಇರಲಿಲ್ಲ.

ಇಂಥದ್ದಕ್ಕೆ ಕಾನೂನಿನಲ್ಲಿ ಸರಳ ದಾರಿಯಿದೆ. ಕೈತಪ್ಪು ಎಂದು ಟಿಪ್ಪಣಿ ಇಟ್ಟರೆ, ಜಡ್ಜ್ ಎರಡೂ ಕಡೆಯವರನ್ನು ಕರೆದು ಎಲ್ಲರೆದುರು ತಿದ್ದುತ್ತಾರೆ. ಹತ್ತು ನಿಮಿಷದ ಕೆಲಸ. ಆದರೆ ಆ ತಿದ್ದುಪಡಿಯ ಆದೇಶದಲ್ಲಿ ‘ಟೈಪಿಂಗ್ ದೋಷದಿಂದ’ ಎಂಬ ಎರಡು ಪದ ಇರುತ್ತವೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಪುಟಕ್ಕೆ ಆ ಎರಡು ಪದ ಬಂದಿರಲಿಲ್ಲ. ಹೊಸದಾಗಿ ಸೇರಿದವರಿಗೆ ಶಿರಸ್ತೇದಾರರು ನನ್ನನ್ನು ತೋರಿಸಿ ಹೇಳುತ್ತಿದ್ದದ್ದೇ ಇದನ್ನು. ಅದನ್ನು ಕಳೆದುಕೊಳ್ಳಲು ನನಗೆ ಆಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಯಾರೂ ನನಗೆ ಆಸೆ ತೋರಿಸಿರಲಿಲ್ಲ, ಹೆದರಿಸಿರಲಿಲ್ಲ.

ಷೆಡ್ಯೂಲನ್ನು ನೋಟ್‌ಬುಕ್ಕಿನಂತೆ ಸರಿಯಾಗಿ ಟೈಪ್ ಮಾಡಿ, ಆ ಒಂದು ಪುಟದ ಪ್ರಿಂಟ್ ತೆಗೆದುಕೊಂಡು ಚೇಂಬರಿಗೆ ಹೋದೆ. ಮೇಡಂ ಮನೆಗೆ ಹೊರಟು ನಿಂತಿದ್ದರು.

“ಮೇಡಂ, ಹನ್ನೊಂದನೇ ಪುಟದಲ್ಲಿ ಇಂಕ್ ಹರಡಿಬಿಟ್ಟಿದೆ. ಬೇರೆ ಪ್ರಿಂಟ್ ತೆಗ್ದಿದೀನಿ.”

ಅವರು ಪುಟ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಅಷ್ಟೇನಾ?”

“ಅಷ್ಟೇ ಮೇಡಂ.”

ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಸಹಿ ಹಾಕಿದರು. ಹಳೆಯ ಪುಟವನ್ನು ನಾನು ಹರಿದುಹಾಕಿದೆ. ಮಧ್ಯಾಹ್ನ ವೆಬ್‌ಸೈಟಿಗೆ ಏರಿಸಿದ ಪ್ರತಿಯಲ್ಲಿ ಹಳೆಯ ಪುಟವೇ ಇದೆ ಎಂಬುದು ಬಸವನಗುಡಿಯ ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಅದನ್ನು ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಯಾರು ಕೂತು ತಾಳೆ ನೋಡುತ್ತಾರೆ ಎಂದುಕೊಂಡೆ.

ಪ್ರತಿವಾದಿಯ ವಕೀಲರು ನೋಡಿದರು. ಏಳು ವಾರಕ್ಕೆ ದೂರು ಬಂತು. ತೀರ್ಪು ಓದಿದ ಮೇಲೆ ಜಡ್ಜ್ ಗುಟ್ಟಾಗಿ ಪುಟ ಬದಲಿಸಿ ವಾದಿಗಳಿಗೆ ಅನುಕೂಲ ಮಾಡಿಕೊಟ್ಟಿದ್ದಾರೆ ಎಂದು. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಬದಲಾದ ಪುಟದ ಕೆಳಗೆ ಮೇಡಂ ಸಹಿ ಚೊಕ್ಕವಾಗಿತ್ತು. ವಿಚಾರಣೆಗೆ ಒಬ್ಬ ಹಿರಿಯ ನ್ಯಾಯಾಧೀಶರನ್ನು ನೇಮಿಸಿದರು. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿತ್ತು.

ಪಟ್ಟಿ ಬಂದ ದಿನ ಬೆಳಿಗ್ಗೆ ಮೇಡಂ ನನ್ನನ್ನು ಕರೆದರು. ಬಾಗಿಲು ಪೂರ್ತಿ ತೆರೆದೇ ಇರಲಿ ಎಂದರು.

“ನಿಮ್ಮನ್ನ ಸಾಕ್ಷಿ ಮಾಡಿದಾರೆ. ಇವತ್ತಿಂದ ಬೇರೆ ಸ್ಟೆನೊ ಕೊಡಿ ಅಂತ ಬರ್ದಿದೀನಿ. ವಿಚಾರಣೆ ಮುಗಿಯೋವರೆಗೂ ನಾವಿಬ್ರೂ ಮಾತಾಡೋದು ಬೇಡ.”

“ಮೇಡಂ, ನಾನೊಂದು ಮಾತು ಹೇಳ್ಬೇಕು...”

“ನಂಗೆ ಹೇಳ್ಬೇಡಿ. ಏನಿದ್ರೂ ಅಲ್ಲಿ ಹೇಳಿ.” ಅವರ ದನಿ ಗಡುಸಾಗಿರಲಿಲ್ಲ. “ದಯವಿಟ್ಟು.”

ಆಗ ನನಗೆ ನೆಮ್ಮದಿಯೇ ಆಯಿತು. ಹೇಳಲು ಹೋದೆ, ಅವರೇ ತಡೆದರು ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಅವರು ನನ್ನನ್ನು ತಡೆದಿರಲಿಲ್ಲ. ಎಲ್ಲಿ ಹೇಳಬೇಕೆಂದು ತೋರಿಸಿದ್ದರು, ಅಷ್ಟೆ.

ವಿಚಾರಣಾಧಿಕಾರಿಗಳ ಕೋಣೆಯಲ್ಲಿ ನನ್ನೆದುರು ಕೂತಿದ್ದ ಸ್ಟೆನೊ ನನ್ನ ಕೈಕೆಳಗೇ ಕೆಲಸ ಕಲಿತ ಹೆಣ್ಣುಮಗಳು. ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

“ಹನ್ನೊಂದನೇ ಪುಟ ಬದಲಾಗಿದ್ದು ನಿಮ್ಗೆ ಗೊತ್ತಾ?” ಅಧಿಕಾರಿಗಳು ಕೇಳಿದರು.

“ನೆನಪಿಲ್ಲ ಸರ್. ದಿನಕ್ಕೆ ಎಷ್ಟೋ ಪುಟ ಆಗುತ್ತೆ.”

“ಬದಲಾಯ್ಸಿ ಅಂತ ಜಡ್ಜ್ ನಿಮ್ಗೆ ಹೇಳಿದ್ರಾ?”

“ನೆನಪಿಲ್ಲ.”

ಅವರು ಕನ್ನಡಕ ತೆಗೆದರು. “ನೋಡಿ, ಹೇಳಲಿಲ್ಲ ಅನ್ನೋದು ಬೇರೆ, ನೆನಪಿಲ್ಲ ಅನ್ನೋದು ಬೇರೆ. ಯಾವ್ದು ಬರ್ಸಲಿ?”

‘ಹೇಳಲಿಲ್ಲ’ ಎಂಬುದು ಸತ್ಯ. ಅಷ್ಟು ಸಾಕಾಗಿತ್ತು ಮೇಡಂಗೆ. ಆದರೆ ಹೇಳಲಿಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಬದಲಿಸಿದ್ದು ಯಾರು?

“ನೆನಪಿಲ್ಲ ಸರ್.”

ಹುಡುಗಿಯ ಪೆನ್ಸಿಲ್ ಒಂದು ಸಣ್ಣ ಗೀಟು ಎಳೆಯಿತು. ಅವಳು ತಲೆ ಎತ್ತಲಿಲ್ಲ.

ಹನ್ನೊಂದು ದಿನ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಶಿರಸ್ತೇದಾರರು ಊಟದ ಡಬ್ಬಿ ಮುಚ್ಚುತ್ತ ತಾವಾಗಿಯೇ ಹೇಳಿದರು. “ಮೇಡಂ ದೂರಿಗೆ ಉತ್ತರ ಕೊಟ್ಟಿದಾರಪ್ಪ. ನಾನೇ ಡೆಸ್ಪ್ಯಾಚ್ ಮಾಡ್ದೆ. ನಾಲ್ಕೇ ಸಾಲು. ಸಹಿ ನನ್ನದು, ಸಹಿ ಮಾಡಿದ್ದಕ್ಕೆ ಜವಾಬ್ದಾರಿ ನನ್ನದು, ಸಿಬ್ಬಂದಿಯ ಮೇಲೆ ಹಾಕಲ್ಲ, ತೀರ್ಪಲ್ಲಿ ನಾನು ಬರೆಸಿದ್ದು ಈಗಿರೋ ಷೆಡ್ಯೂಲನ್ನೇ ಅಂತ. ಸ್ಟೆನೊ ನೋಟ್‌ಬುಕ್ ತರಿಸಿ ನೋಡಿ ಅಂತಾನೂ ಕೇಳಿಲ್ಲ. ಹಿಂಗೆ ಯಾರಾದ್ರೂ ಬರೀತಾರಾ?”

ನೋಟ್‌ಬುಕ್ ನನ್ನ ಕಪಾಟಿನಲ್ಲಿತ್ತು. ತರಿಸಿ ಎಂದಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅದನ್ನು ಬಲ್ಲವರಾದ್ದರಿಂದಲೇ ಅವರು ಕೇಳಿರಲಿಲ್ಲ ಎಂದು ನನಗೆ ಆ ಕ್ಷಣ ಹೊಳೆಯಿತು.

ಸಂಜೆ ಬೀಗ ತೆಗೆದು ನೋಟ್‌ಬುಕ್ ಹುಡುಕಿದೆ. ತೀರ್ಪಿನ ಹಿಂದಿನ ದಿನದ ಪುಟ. ಚೆಕ್ಕುಬಂದಿಯ ನಾಲ್ಕು ಸಾಲು, ಪೂರ್ವ ಪೂರ್ವದಲ್ಲಿ, ಪಶ್ಚಿಮ ಪಶ್ಚಿಮದಲ್ಲಿ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಲ್ಲೇ ಕೂತು ಕೈಯಲ್ಲೇ ಮೂರು ಪುಟ ಹೇಳಿಕೆ ಬರೆದೆ. ತಪ್ಪು ನನ್ನದು, ಮುಚ್ಚಿದವನು ನಾನು, ಇಂಕ್ ಹರಡಿದೆ ಎಂದು ಜಡ್ಜ್‌ಗೆ ಸುಳ್ಳು ಹೇಳಿದ್ದೆ, ವಿಚಾರಣೆಯಲ್ಲೂ ಸುಳ್ಳು ಹೇಳಿದ್ದೇನೆ. ನೋಟ್‌ಬುಕ್ಕಿನ ಜೊತೆ ಕವರಿಗೆ ಹಾಕಿ ಅರಗಿನ ಮೊಹರು ಒತ್ತಿದೆ. ಕೆಲಸ ಹೋದರೆ ಹೋಗಲಿ ಎಂಬ ಮಾತು ಮನಸ್ಸಿಗೆ ಬಂದಾಗ, ಅಚ್ಚರಿಯೆಂದರೆ, ಹೆದರಿಕೆ ಆಗಲಿಲ್ಲ. ಈ ಧೈರ್ಯ ಹನ್ನೊಂದು ದಿನ ಎಲ್ಲಿತ್ತು ಎಂದು ಮಾತ್ರ ಕೇಳಿಕೊಂಡೆ.

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವಿಚಾರಣಾಧಿಕಾರಿಗಳ ಬಾಗಿಲಲ್ಲಿದ್ದೆ. ಅವರು ಬಂದಿರಲಿಲ್ಲ. ಅವರ ಸಹಾಯಕರು ಕವರನ್ನು ತಿರುಗಿಸಿ ನೋಡಿದರು.

“ವರದಿ ಮೊನ್ನೇನೇ ಹೋಯ್ತಲ್ರೀ.”

“ಇದನ್ನ ಅದರ ಜೊತೆ ಸೇರಿಸ್ಬೇಕು ಸರ್. ತುಂಬ ಮುಖ್ಯ.”

“ಕೊಡಿ, ಮೇಲೆ ಕಳಿಸ್ತೀವಿ. ಅವರು ತೆಗೆದ್ರೆ ತೆಗೆದ್ರು.”

ಸ್ವೀಕೃತಿ ಬರೆಸಿಕೊಂಡು ಬಂದೆ.

ಆದೇಶ ಬಂದದ್ದು ಐದು ವಾರದ ನಂತರ, ಒಂದು ಬುಧವಾರ ಹನ್ನೆರಡು ಗಂಟೆಗೆ. ಹಾಲಿನಲ್ಲಿ ಸಾಕ್ಷಿಯೊಬ್ಬರ ಪಾಟೀಸವಾಲು ನಡೆಯುತ್ತಿತ್ತು. ಶಿರಸ್ತೇದಾರರು ಕಾಗದ ಹಿಡಿದು ಹೋದುದನ್ನು ಕಂಡು ನಾನು ಬಾಗಿಲವರೆಗೆ ಹೋದೆ. ಮೇಡಂ ಓದಿದರು. ಎರಡು ಸಲ ಓದಿದರೆಂದು ಕಣ್ಣಿನ ಚಲನೆಯಿಂದಲೇ ತಿಳಿಯಿತು. ಸಾಕ್ಷಿ ಒಂದು ವಾಕ್ಯದ ನಡುವೆ ಇದ್ದರು.

“ಹೇಳಿ, ಅದೊಂದು ಮಾತು ಮುಗ್ಸಿ” ಎಂದರು ಮೇಡಂ. ಆಮೇಲೆ ತಡೆದು, “ಇಲ್ಲ, ಬೇಡ. ನಾನು ಬರ್ಕೊಳ್ಳೋ ಹಾಗಿಲ್ಲ. ನಿಮ್ಮನ್ನ ಇನ್ನೊಂದು ದಿನ ಕರೀತಾರೆ. ಕ್ಷಮಿಸಿ” ಎಂದು ಎದ್ದರು.

ಏನಾಯಿತೆಂದು ಅರಿಯದ ಜನ ರೂಢಿಯಂತೆ ಎದ್ದು ನಿಂತರು.

ಆ ಆದೇಶವನ್ನು ಆಮೇಲೆ ನಾನೂ ಓದಿದೆ. ಎರಡೇ ಸಾಲು. ಪ್ರೊಬೇಷನ್ ಅವಧಿಯಲ್ಲಿ ಹುದ್ದೆಗೆ ಸೂಕ್ತರೆಂದು ಕಂಡುಬರದ ಕಾರಣ ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಪುಟ, ಗಲ್ಲಿ, ದೂರು, ವಿಚಾರಣೆ, ಯಾವುದರ ಮಾತೂ ಅದರಲ್ಲಿರಲಿಲ್ಲ. ಹಾಗೆ ಬರೆದರೆ ಅದು ಶಿಕ್ಷೆಯಲ್ಲ. ಶಿಕ್ಷೆಯಲ್ಲದ ಮೇಲೆ ಕಾರಣ ಹೇಳಬೇಕಿಲ್ಲ, ಇವರ ಮಾತು ಕೇಳಬೇಕಿಲ್ಲ. ಅವರ ಉಪನ್ಯಾಸಕ್ಕೆ ನಾನು ಕೊಟ್ಟ ಆ ಪದವನ್ನು ಅಂದು ನಾನು ಬಾಯಲ್ಲಿ ಆಡಲಾರದೆ ಹೋದೆ.

ಎರಡು ವಾರದ ಮೇಲೆ ನನ್ನ ಕವರು ವಾಪಸು ಬಂತು. ‘ಆದೇಶ ಹೊರಡಿಸಿರುವುದರಿಂದ ಕ್ರಮದ ಅಗತ್ಯವಿಲ್ಲ’ ಎಂಬ ಚೀಟಿ ಅಂಟಿಸಿತ್ತು. ಅರಗಿನ ಮೊಹರು ನಾನು ಒತ್ತಿದ ಹಾಗೆಯೇ ಇತ್ತು. ನನಗೆ ಒಂದು ಮೆಮೊ ಸಹ ಬರಲಿಲ್ಲ.

ಮುಂದಿನ ಭಾನುವಾರ ಚಾಮರಾಜಪೇಟೆಗೆ ಹೋದೆ. ಮೇಡಂ ಬಾಗಿಲು ತೆಗೆದರು. ಹತ್ತಿಯ ಹಳೆಯ ಚೂಡಿದಾರ್, ಕೈಯಲ್ಲಿ ಹೈಲೈಟರ್ ಪೆನ್ನು. ಹಜಾರದ ನೆಲದ ಮೇಲೆ ಕಾಗದಗಳು ಹರಡಿದ್ದವು.

“ಬನ್ನಿ. ಈಗ ಮಾತಾಡ್ಬಹುದು. ವಿಚಾರಣೆ ಮುಗೀತಲ್ಲ.”

ನಾನು ಕವರನ್ನು ಅವರೆದುರು ಇಟ್ಟೆ. ಎಲ್ಲವನ್ನೂ ಹೇಳಿದೆ, ‘ನೆನಪಿಲ್ಲ’ ಎಂದ ಮೂರು ಸಲವನ್ನೂ ಬಿಡದೆ.

“ಗೊತ್ತಿತ್ತು” ಎಂದರು ಮೇಡಂ ಕೊನೆಗೆ. “ದೂರಿನ ಜೊತೆ ಎರಡೂ ಪುಟ ಬಂತಲ್ಲ, ಅವತ್ತೇ ಗೊತ್ತಾಯ್ತು. ನೀವೇ ಅಲ್ಲಿ ಹೇಳ್ತೀರಾ ಅಂತ ಇದ್ದೆ. ಮೊದಲನೇ ದಿನಾನೇ ಹೇಳ್ತೀರಾ ಅಂದ್ಕೊಂಡಿದ್ದೆ.”

“ನೀವು ಒಂದು ಮಾತು ಬರ್ದಿದ್ರೆ ಸಾಕಿತ್ತು ಮೇಡಂ. ನೋಟ್‌ಬುಕ್ ತರಿಸಿ ಅಂತ.”

“ಬರೀಬಹುದಿತ್ತು. ಆದ್ರೆ ನಾನು ಓದ್ದೇ ಸಹಿ ಹಾಕಿದ್ದು ನಿಜ ತಾನೇ? ಷೆಡ್ಯೂಲ್ ನಿಮ್ಮ ಮೇಲೆ ಬಿಟ್ಟಿದ್ದು ನಾನೇ. ಅದನ್ನ ಮರೆಸಿ ನಿಮ್ಮನ್ನ ಮುಂದೆ ತಳ್ಳಕ್ಕೆ ಮನಸ್ಸು ಬರ್ಲಿಲ್ಲ.” ಹೈಲೈಟರಿನ ಮುಚ್ಚಳ ಹಾಕಿ ಹೇಳಿದರು, “ಕೋಪ ಇಲ್ಲ ಅಂತ ಹೇಳಲ್ಲ. ಇದೆ. ತುಂಬಾ ಇದೆ.”

“ಹೈಕೋರ್ಟಿಗೆ ರಿಟ್ ಹಾಕಿ ಮೇಡಂ. ನಾನು ಬಂದು ಹೇಳ್ತೀನಿ. ಎಲ್ಲಿ ಬೇಕಾದ್ರೂ ಹೇಳ್ತೀನಿ.”

“ಹಾಕ್ತೀನಿ. ಆದ್ರೆ ಆರೋಪಾನೇ ಇಲ್ಲ ಅಂತಿದಾರಲ್ಲ ಅವರು. ಇಲ್ದೇ ಇರೋ ಆರೋಪಾನ ಸುಳ್ಳು ಅಂತ ತೋರ್ಸೋದು ಹೆಂಗೆ? ಅದನ್ನೇ ಹುಡುಕ್ತಿದೀನಿ.” ನೆಲದ ಕಾಗದಗಳನ್ನು ತೋರಿಸಿ ಅವರು ಕವರು ಕೈಗೆತ್ತಿಕೊಂಡರು. ಒಡೆಯಲಿಲ್ಲ. ಒಳಗೆ ಇಟ್ಟು ಬರುತ್ತೇನೆಂದು ಕೋಣೆಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ತಾಯಿ ಕಾಫಿ ತಂದಿಟ್ಟು ನನ್ನೆದುರು ನೆಲದ ಮೇಲೆ ಕೂತರು. ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಎಲ್ಲ ಬಗೆಯ ಸುದ್ದಿ ಕೇಳಿದ ಮುಖ ಅದು, ಬೇಗ ಕದಲುವುದಿಲ್ಲ.

“ತಪ್ಪು ನಿಮ್ದಾ ಸಾರ್?”

“ಹೌದಮ್ಮ. ನಂದೇ.”

“ಅದನ್ನ ಬರ್ದೂ ಕೊಟ್ರಾ?”

“ಕೊಟ್ಟೆ.”

ಅವರು ಸೆರಗಿನ ತುದಿಯನ್ನು ಮಡಿಚಿದರು, ಬಿಡಿಸಿದರು. “ಹಂಗಾದ್ರೆ ನಿಮ್ಮನ್ನ ಯಾಕೆ ತೆಗೀಲಿಲ್ಲ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದೆ ಕೇಳಿದ್ದರು. ಅಷ್ಟರಲ್ಲಿ ಮೇಡಂ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮುಖ ತೊಳೆದುಕೊಂಡಿದ್ದರು.

“ಅವರದ್ದು ಪರ್ಮನೆಂಟ್ ಕೆಲ್ಸ ಅಮ್ಮ” ಎಂದು ನಿಧಾನವಾಗಿ, ಪಾಠ ಹೇಳುವವರಂತೆ ಹೇಳಿದರು. “ಅವರನ್ನ ತೆಗೀಬೇಕು ಅಂದ್ರೆ ಏನು ತಪ್ಪು ಅಂತ ಬರ್ದು ಕೊಡ್ಬೇಕು. ಅವರ ಮಾತು ಕೇಳ್ಬೇಕು. ಸಾಕ್ಷಿ ನೋಡ್ಬೇಕು. ಕಾರಣ ಹೇಳ್ದೆ ತೆಗ್ಯೋ ಹಾಗಿಲ್ಲ. ಅದು ಒಳ್ಳೇ ಕಾನೂನು. ಇರ್ಬೇಕಾದ್ದೇ.”

ತಾಯಿ ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಅಷ್ಟು ಒಳ್ಳೇದಾಗಿದ್ರೆ ನಿಂಗೂ ಇರ್ಬೇಕಿತ್ತಲ್ಲವ್ವ” ಎಂದರು.

ಆ ಹಜಾರದಲ್ಲಿ ಕಾನೂನು ಓದಿದವರು ಒಬ್ಬರು, ಇಪ್ಪತ್ತೇಳು ವರ್ಷ ಕಾನೂನನ್ನು ಟೈಪ್ ಮಾಡಿದವನು ಒಬ್ಬ. ಇಬ್ಬರೂ ನೆಲದ ಮೇಲಿನ ಕಾಗದಗಳನ್ನು ನೋಡಿದೆವು. ತಾಯಿ ಮೊಣಕಾಲಿಗೆ ಕೈಯೂರಿ ಎದ್ದು, ನನ್ನ ಲೋಟದಲ್ಲಿ ಕಾಫಿ ಹಾಗೇ ಇರುವುದನ್ನು ಕಂಡು, ಬಿಸಿ ಮಾಡಿ ತರುತ್ತೇನೆಂದು ಒಳಗೆ ತೆಗೆದುಕೊಂಡು ಹೋದರು.